ಮಾಮೂಲಿ ಕೀಮೋನಾ, ನ್ಯಾನೋ ಕೀಮೋನಾ: ಯಾವ್ದು ಯಾರಿಗೆ ಸರಿಹೋಗತ್ತೆ

ನಾನು ಕೆಲ್ಸ ಮಾಡೋದು ಕೀಮೋ ಔಷಧಿ ಕಲಸೋ ರೂಮಲ್ಲಿ. ಎರಡೆರಡು ಗ್ಲೌಸ್ ಹಾಕ್ಕೊಂಡು ಗಾಜಿನ ಕ್ಯಾಬಿನೆಟ್ ಒಳಗೆ ಕೈ ಇಟ್ಟು ದಿನವಿಡೀ ಡ್ರಿಪ್ ಬ್ಯಾಗ್ ರೆಡಿ ಮಾಡೋದು. ಕೆಲವು ದಿನ ಪಕ್ಕಪಕ್ಕದಲ್ಲೇ ಎರಡು ಬ್ಯಾಗ್ ಇರತ್ತೆ, ಎರಡರಲ್ಲೂ ಇರೋದು ಡಾಕ್ಸೋರುಬಿಸಿನ್ನೇ. ಒಂದು ತಿಳಿ ಕೆಂಪು, ಲೈಟಿಗೆ ಹಿಡಿದ್ರೆ ಆ ಕಡೆ ಇರೋ ಬೆರಳು ಸ್ಪಷ್ಟವಾಗಿ ಕಾಣತ್ತೆ. ಇನ್ನೊಂದೂ ಕೆಂಪೇ, ಆದ್ರೆ ಉಸಿರು ತಾಗಿದ ಕನ್ನಡಿ ಥರ ಸ್ವಲ್ಪ ಮಬ್ಬು. ಆ ಮಬ್ಬು ಅಂದ್ರೆ ಲಿಪೋಸೋಮ್, ಕೊಬ್ಬಿನ ಪೊರೆಯ ಪುಟಾಣಿ ಗುಳ್ಳೆಗಳು, ಔಷಧಿ ಅದ್ರೊಳಗೆ ಕೂತಿರತ್ತೆ. ಜನ ನ್ಯಾನೋ ಕೀಮೋ ಅನ್ನೋದು ಇದಕ್ಕೇ.

ಕೌಂಟರ್ ಹತ್ರ ಬಂದು ಮನೆಯವರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಡಾಕ್ಟ್ರು ಎರಡು ಆಪ್ಷನ್ ಹೇಳಿದಾರೆ, ನ್ಯಾನೋದೇ ಹಾಕಿಸಿದ್ರೆ ಗೆಡ್ಡೆಗೆ ಮಾತ್ರ ಹೋಗಿ ಕೆಲ್ಸ ಮಾಡತ್ತಲ್ವಾ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ." ನಾನು ನೋಡಿದ ಮಟ್ಟಿಗೆ, ಬಹಳಷ್ಟು ಕಡೆ ನ್ಯಾನೋ ರೂಪ ಬದಲಾಯಿಸೋದು ಔಷಧಿ ಮೈಯಲ್ಲಿ ಎಲ್ಲಿ ನೋವು ಕೊಡತ್ತೆ ಅನ್ನೋದನ್ನ. ಆಯಸ್ಸು ಹೆಚ್ಚು ಮಾಡಿದ್ದು ಕೆಲವೇ ಕೆಲವು ಕ್ಯಾನ್ಸರ್‌ಗಳಲ್ಲಿ. ಹಾಗಾಗಿ ಯಾವ್ದು ಹೊಸದು ಅಂತ ಕೇಳೋದಕ್ಕಿಂತ ನಿಮ್ಮ ರೋಗಿಗೆ ಮೊದಲು ಉಳಿಸ್ಕೋಬೇಕಾಗಿರೋದು ಏನು, ಹೃದಯನಾ, ಬೆರಳಿನ ನರನಾ, ಅಂಗೈ ಅಂಗಾಲಾ, ಕರುಳಾ ಅಂತ ಯೋಚನೆ ಮಾಡಿ. ತೀರ್ಮಾನ ಆಂಕಾಲಜಿಸ್ಟ್ ಜೊತೆ ಕೂತೇ ಮಾಡ್ಬೇಕು, ಆ ಮಾತುಕತೆಗೆ ತಯಾರಾಗಿ ಹೋಗ್ಲಿ ಅಂತ ಇದನ್ನ ಬರೀತಿದೀನಿ.

ಗೆಡ್ಡೆಗೆ ಮಾತ್ರ ಹೋಗತ್ತಾ?

ಇಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಜನ ತುಂಬಾ ಆಸೆ ಇಟ್ಕೊಂಡಿರೋದು ಇದರ ಮೇಲೇನೆ. 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆಡಾ ಒಂದು ವಿಷಯ ತೋರಿಸಿಕೊಟ್ರು: ಗೆಡ್ಡೆ ಅವಸರದಲ್ಲಿ ಬೆಳೆಸ್ಕೊಂಡ ರಕ್ತನಾಳಗಳ ಗೋಡೆ ಸರಿಯಾಗಿ ಕೂಡಿರಲ್ಲ, ಸೋರತ್ತೆ, ದೊಡ್ಡ ಕಣಗಳು ಆ ಸಂದಿಯಿಂದ ನುಸುಳಿ ಗೆಡ್ಡೆಯೊಳಗೇ ಉಳ್ಕೊಳ್ಳತ್ತೆ. ನ್ಯಾನೋ ಔಷಧಿಗಳ ಲೆಕ್ಕಾಚಾರ ಎಲ್ಲಾ ನಿಂತಿರೋದು ಇದರ ಮೇಲೆ. ಕಣ ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕದಾದ್ರೆ ಕಿಡ್ನಿ ಸೋಸಿ ಹೊರಗೆ ಹಾಕ್ಬಿಡತ್ತೆ, 200 ದಾಟಿದ್ರೆ ಲಿವರ್ ಮತ್ತು ಗುಲ್ಮ ಹಿಡ್ಕೊಂಡು ನುಂಗತ್ತೆ, ಅದಕ್ಕೇ ಹೆಚ್ಚಿನ ನ್ಯಾನೋ ಔಷಧಿ 80ರಿಂದ 150ರ ಆಸುಪಾಸಲ್ಲಿ ಇರತ್ತೆ (ಒಂದು ಕೆಂಪು ರಕ್ತಕಣ 7000 ನ್ಯಾನೋಮೀಟರ್‌ಗಿಂತ ದೊಡ್ಡದು, ಅಷ್ಟು ಚಿಕ್ಕದು ಇದು). ಆದ್ರೆ ಇಲಿಗಳಲ್ಲಿ ಚೆನ್ನಾಗಿ ಸೋರೋ ಗೆಡ್ಡೆ ಮನುಷ್ಯರಲ್ಲಿ ಅಷ್ಟು ಸೋರಲ್ಲ, ಒಬ್ಬರದ್ದು ಸೋರತ್ತೆ ಇನ್ನೊಬ್ಬರದ್ದು ಇಲ್ಲ, ಒಂದೇ ಗೆಡ್ಡೆಯಲ್ಲಿ ಒಂದು ಮೂಲೆ ಸೋರತ್ತೆ ಇನ್ನೊಂದು ಮೂಲೆ ಬಿಗಿಯಾಗಿರತ್ತೆ. 2016ರಲ್ಲಿ ಹತ್ತು ವರ್ಷದ 117 ಪ್ರಬಂಧಗಳನ್ನ ಒಟ್ಟು ಹಾಕಿ ಲೆಕ್ಕ ಮಾಡಿದಾಗ, ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗೆಡ್ಡೆ ಮುಟ್ಟಿದ್ದು ಮಧ್ಯದ ಅಂಕಿ ಪ್ರಕಾರ ಶೇ. 0.7 ಮಾತ್ರ. ಬಹುಪಾಲು ಉಳಿದದ್ದು ಲಿವರ್ ಗುಲ್ಮದ ಕಡೆ ಹೋಗತ್ತೆ.

ಹಾಗಂತ ಪ್ರಯೋಜನ ಇಲ್ಲ ಅಂತಲ್ಲ. ಕೀಮೋದಲ್ಲಿ ಅರ್ಧ ಗೆಲುವು ಅಂದ್ರೆ ಬೇಡದ ಜಾಗಕ್ಕೆ ಔಷಧಿ ಹೋಗದೇ ಇರೋ ಹಾಗೆ ತಡಿಯೋದು, ಅಲ್ಲಿ ನ್ಯಾನೋ ಕಣ ಚೆನ್ನಾಗೇ ಕೆಲ್ಸ ಮಾಡತ್ತೆ.

ಡಾಕ್ಸೋರುಬಿಸಿನ್: ಹೃದಯನಾ, ಅಂಗೈನಾ

ಇದು ಎಲ್ಲಕ್ಕಿಂತ ಹಳೇ ಹೋಲಿಕೆ. ಮಾಮೂಲಿ ಡಾಕ್ಸೋರುಬಿಸಿನ್ ರಕ್ತಕ್ಕೆ ಬಿದ್ದ ಕೆಲವೇ ನಿಮಿಷದಲ್ಲಿ ಎಲ್ಲಾ ಅಂಗಕ್ಕೂ ಹರಡತ್ತೆ, ಹೃದಯದ ಸ್ನಾಯುಗೂ ಹೋಗತ್ತೆ, ಅಲ್ಲಿ ಮಾಡೋ ಹಾನಿ ಕೂಡ್ತಾ ಕೂಡ್ತಾ ಹೋಗತ್ತೆ. ಒಟ್ಟು ಡೋಸ್ ಮೈ ವಿಸ್ತೀರ್ಣದ ಪ್ರತೀ ಚದರ ಮೀಟರಿಗೆ 300 ಮಿಲಿಗ್ರಾಂ ಆಗೋವರೆಗೂ ಹೃದಯ ದುರ್ಬಲ ಆಗೋದು ನೂರಕ್ಕೆ ಒಬ್ಬರೋ ಇಬ್ಬರಿಗೋ, 500 ಮುಟ್ಟಿದ್ರೆ ಅದು ಶೇ. 6ರಿಂದ 20ರವರೆಗೂ ಏರತ್ತೆ. ಅದಕ್ಕೇ ಜೀವಮಾನದ ಲೆಕ್ಕ ಅಂತ ಇಡ್ತಾರೆ.

ಲಿಪೋಸೋಮ್ ರೂಪ, ಅಂದ್ರೆ ಡಾಕ್ಸಿಲ್ ಅಥವಾ ಕೇಲಿಕ್ಸ್, 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೀತು, ನ್ಯಾನೋ ಕ್ಯಾನ್ಸರ್ ಔಷಧಿಗಳಲ್ಲಿ ಮೊದಲನೇದು. ಗುಳ್ಳೆಯ ಒಳಗೆ ಅಮೋನಿಯಂ ಸಲ್ಫೇಟ್ ತುಂಬಿಸಿ, ಹೊರಗಿಂದ ಔಷಧಿ ತಾನಾಗೇ ಒಳಗೆ ಎಳ್ಕೊಳ್ಳೋ ಹಾಗೆ ಮಾಡಿದಾರೆ, ಒಳಗೆ ಹೋದ ಮೇಲೆ ಅದು ಹರಳು ಕಟ್ಟಿ ಕೂತುಬಿಡತ್ತೆ. ಹೊರಮೈಗೆ ಪೆಗ್ ಅನ್ನೋ ಪಾಲಿಮರ್‌ನ ಕೋಟ್, ಅದು ನೀರು ಹಿಡ್ಕೊಂಡಿರೋದ್ರಿಂದ ರೋಗನಿರೋಧಕ ಕಣಗಳು ಬೇಗ ಗುರುತು ಹಿಡಿಯಲ್ಲ. ನಿಮಿಷಗಳಲ್ಲಿ ಚದುರಿ ಹೋಗ್ತಿದ್ದ ಔಷಧಿ ರಕ್ತದಲ್ಲಿ ದಿನಗಟ್ಟಲೆ ಸುತ್ತತ್ತೆ. ಆರೋಗ್ಯವಾಗಿರೋ ಹೃದಯದ ರಕ್ತನಾಳದಲ್ಲಿ ಅಷ್ಟು ದೊಡ್ಡ ಸಂದಿ ಇಲ್ಲ, ಹಾಗಾಗಿ ಹೃದಯ ಬಚಾವ್.

ಆದ್ರೆ ದಿನಗಟ್ಟಲೆ ಸುತ್ತೋ ಔಷಧಿ ಎಲ್ಲೋ ಒಂದು ಕಡೆ ಇಳೀಲೇಬೇಕಲ್ಲ. ಒತ್ತಡ, ಉಜ್ಜಾಟ ಇರೋ ಅಂಗೈ ಅಂಗಾಲಿನ ಸಣ್ಣ ರಕ್ತನಾಳಗಳಿಂದ ಚರ್ಮಕ್ಕೆ ಇಳಿಯತ್ತೆ. 2004ರಲ್ಲಿ ಪ್ರಕಟವಾದ ಒಂದು ಟ್ರಯಲ್ ಇದನ್ನ ಕನ್ನಡಿ ಹಿಡಿದ ಹಾಗೆ ತೋರಿಸತ್ತೆ, ಹರಡಿದ ಸ್ತನ ಕ್ಯಾನ್ಸರ್ ಇದ್ದ 509 ಹೆಂಗಸರು. ರೋಗ ಮುಂದುವರೀದೆ ಇದ್ದ ಅವಧಿ ಲಿಪೋಸೋಮ್ ಗುಂಪಲ್ಲಿ 6.9 ತಿಂಗಳು, ಮಾಮೂಲಿ ಗುಂಪಲ್ಲಿ 7.8. ಒಟ್ಟು ಬದುಕಿದ್ದು 21 ತಿಂಗಳು, 22 ತಿಂಗಳು. ಅಂದ್ರೆ ಸಮ. ಆದ್ರೆ ಹೃದಯದ ತೊಂದರೆ ಮಾಮೂಲಿ ಡಾಕ್ಸೋರುಬಿಸಿನ್‌ನಲ್ಲಿ ಮೂರು ಪಟ್ಟು. ಕೂದಲು ಉದುರಿದ್ದು ಮಾಮೂಲಿಯಲ್ಲಿ ಶೇ. 66, ಲಿಪೋಸೋಮ್‌ನಲ್ಲಿ ಶೇ. 20. ಅಂಗೈ ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳೋದು ಮಾಮೂಲಿಯಲ್ಲಿ ಶೇ. 2, ಲಿಪೋಸೋಮ್‌ನಲ್ಲಿ ಶೇ. 48. ಬಾಯಿ ಹುಣ್ಣೂ ಲಿಪೋಸೋಮ್‌ನಲ್ಲೇ ಜಾಸ್ತಿ. ಒಂದೇ ಔಷಧಿ, ಪೊರೆ ಬದಲಾದ ತಕ್ಷಣ ಕಷ್ಟದ ಜಾಗವೇ ಬದಲಾಯ್ತು.

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ. ವಯಸ್ಸಾದವರು, ಮೊದಲೇ ಹೃದಯದ ತೊಂದರೆ ಇರೋರು, ಹಿಂದೆ ಇದೇ ಜಾತಿಯ ಔಷಧಿ ತಗೊಂಡು ಲೆಕ್ಕ ಮಿತಿಗೆ ಹತ್ರ ಬಂದಿರೋರು, ಅಂಡಾಶಯದ ಕ್ಯಾನ್ಸರ್ ಮರುಕಳಿಸಿರೋರು, ಇವರ ವಿಷಯದಲ್ಲಿ ಲಿಪೋಸೋಮ್ ಕೇಳೋದಕ್ಕೆ ಗಟ್ಟಿ ಕಾರಣ ಇದೆ. ಹೃದಯ ಚೆನ್ನಾಗಿರೋ, ಗುಣ ಮಾಡೋ ಉದ್ದೇಶದಿಂದ ನಾಲ್ಕೇ ಸೈಕಲ್ ಕೊಡೋ ಆರಂಭದ ಸ್ತನ ಕ್ಯಾನ್ಸರಲ್ಲಿ ಮಾಮೂಲಿ ಡಾಕ್ಸೋರುಬಿಸಿನ್ನೇ ಸಾಬೀತಾದ ದಾರಿ, ನಾಲ್ಕು ಸೈಕಲ್‌ಗೆ ಚದರ ಮೀಟರಿಗೆ 240 ಮಿಲಿಗ್ರಾಂ ಆಗತ್ತೆ, ಅಷ್ಟಕ್ಕೆ ನ್ಯಾನೋ ಬೇಕೇ ಬೇಕು ಅಂತ ಹಠ ಹಿಡಿದು ಮನೆಯವರು ಸಾಲ ಮಾಡೋದನ್ನ ನೋಡಿದ್ರೆ ನಂಗೆ ಸಂಕಟ ಆಗತ್ತೆ. ಮತ್ತೆ ಲಿಪೋಸೋಮ್ ತಗೊಂಡ್ರೆ ಎಕೋ (ಹೃದಯದ ಸ್ಕ್ಯಾನ್) ಮಾಡ್ಸೋದು ಬೇಡ ಅಂತಲೂ ಅಂದ್ಕೋಬೇಡಿ, ರಿಸ್ಕ್ ಕಮ್ಮಿ ಆಗತ್ತೆ, ಸೊನ್ನೆ ಆಗಲ್ಲ.

ಇನ್ನೂ ಒಂದು ಮಧ್ಯದ ದಾರಿ ಇದೆ, ಮಯೋಸೆಟ್ ಅಂತ, ಯುರೋಪಲ್ಲಿ 2000ದಲ್ಲಿ ಬಂತು. ಲಿಪೋಸೋಮೇ, ಆದ್ರೆ ಪೆಗ್ ಕೋಟ್ ಇಲ್ಲ, ಹಾಗಾಗಿ ರಕ್ತದಲ್ಲಿ ಅಷ್ಟು ದಿನ ಸುತ್ತಲ್ಲ, ಅಂಗೈ ಸುಡೋದೂ ಹೆಚ್ಚಿರಲ್ಲ. 297 ಜನರ ಟ್ರಯಲ್ಲಲ್ಲಿ ಗೆಡ್ಡೆ ಕುಗ್ಗಿದ್ದು ಎರಡೂ ಕಡೆ ಶೇ. 43 ಜನಕ್ಕೆ, ಹೃದಯದ ತೊಂದರೆ ಶೇ. 6 ಮತ್ತು ಮಾಮೂಲಿಯಲ್ಲಿ ಶೇ. 21. ಸಿಗೋ ಜಾಗದಲ್ಲಿ ಇರೋರು ಕೇಳಿ ನೋಡಬಹುದು.

ಪ್ಯಾಕ್ಲಿಟಾಕ್ಸೆಲ್: ಅಲರ್ಜಿನಾ, ಬೆರಳ ತುದಿನಾ

ಪ್ಯಾಕ್ಲಿಟಾಕ್ಸೆಲ್ ನೀರಲ್ಲಿ ಕರಗಲ್ಲ. ಮಾಮೂಲಿ ರೂಪದಲ್ಲಿ ಅದನ್ನ ಹರಳೆಣ್ಣೆಯಿಂದ ಮಾಡಿದ ಕ್ರೆಮೋಫೋರ್ ಅನ್ನೋ ದ್ರಾವಕ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿರ್ತಾರೆ. ಉಸಿರು ಕಟ್ಟೋದು, ಬಿಪಿ ಬೀಳೋದು ಅಂತ ಆಗೋ ರಿಯಾಕ್ಷನ್‌ಗೆ ಮುಖ್ಯ ಕಾರಣ ಆ ದ್ರಾವಕ. ಅದಕ್ಕೇ ಮುಂಚೆಯೇ ಸ್ಟೀರಾಯ್ಡು, ಅಲರ್ಜಿ ಇಂಜೆಕ್ಷನ್ನು ಕೊಡೋದು, ಮೂರು ಗಂಟೆ ನಿಧಾನ ಓಡಿಸೋದು, ವಿಶೇಷ ಫಿಲ್ಟರು, ಮಾಮೂಲಿ ಪಿವಿಸಿ ಬ್ಯಾಗ್ ಬಳಸೋ ಹಾಗಿಲ್ಲ ಅನ್ನೋದು ಎಲ್ಲಾ.

ಅಬ್ರಾಕ್ಸೇನ್‌ನಲ್ಲಿ ಅದೇ ಔಷಧಿನ ಮನುಷ್ಯರ ರಕ್ತದಲ್ಲಿರೋ ಅಲ್ಬುಮಿನ್ ಪ್ರೋಟೀನ್‌ಗೆ ಅಂಟಿಸಿ ಸುಮಾರು 130 ನ್ಯಾನೋಮೀಟರ್ ಕಣ ಮಾಡಿದಾರೆ, 2005ರಲ್ಲಿ ಒಪ್ಪಿಗೆ. ಬಾಟಲಲ್ಲಿ 100 ಮಿಲಿಗ್ರಾಂ ಔಷಧಿ, ಅದರ ಜೊತೆ ಸುಮಾರು 900 ಮಿಲಿಗ್ರಾಂ ಅಲ್ಬುಮಿನ್, ಬಿಳಿ ಪುಡಿಯ ಗಟ್ಟಿ. ಕಲಸೋಕೆ ತಾಳ್ಮೆ ಬೇಕು: 20 ಎಂಎಲ್ ಸಲೈನ್‌ನ ಪುಡಿ ಮೇಲೆ ನೇರ ಬಿಡೋ ಹಾಗಿಲ್ಲ, ಬಾಟಲಿನ ಗೋಡೆಗೆ ತಾಗಿಸಿ ಒಂದು ನಿಮಿಷ ನಿಧಾನಕ್ಕೆ ಇಳಿಸ್ಬೇಕು, ಆಮೇಲೆ ಐದು ನಿಮಿಷ ಮುಟ್ಟದೆ ಬಿಡ್ಬೇಕು, ಆಮೇಲೆ ಎರಡು ನಿಮಿಷ ಮೆಲ್ಲಗೆ ತಿರುಗಿಸ್ಬೇಕು. ಜೋರಾಗಿ ಕುಲುಕಿದ್ರೆ ನೊರೆ ಏಳತ್ತೆ, ನೊರೆ ಕೂರೋವರೆಗೆ ಮತ್ತೆ ಕಾಯ್ಬೇಕು. ಕೊನೆಗೆ ಹಾಲಿನ ಹಾಗೆ ಬೆಳ್ಳಗೆ ಬರತ್ತೆ. "ಔಷಧಿ ಹಾಳಾಗಿದೆಯಾ, ಬೆಳ್ಳಗಿದೆಯಲ್ಲ" ಅಂತ ಎಷ್ಟೋ ಜನ ಗಾಬರಿ ಆಗಿದಾರೆ, ಅದು ಇರಬೇಕಾದ್ದೇ ಹಾಗೆ. ಮುಗಿಯೋದು 30 ನಿಮಿಷಕ್ಕೆ, ಸ್ಟೀರಾಯ್ಡ್ ಸಾಮಾನ್ಯವಾಗಿ ಬೇಡ.

ಕೇಳೋಕೆ ಎಲ್ಲಾ ಚೆಂದ. ಮೊದಲ ದೊಡ್ಡ ಟ್ರಯಲ್ಲಲ್ಲೂ ಗೆಡ್ಡೆ ಕುಗ್ಗಿದ್ದು ಶೇ. 33 ಜನಕ್ಕೆ, ಮಾಮೂಲಿಯಲ್ಲಿ ಶೇ. 19. ಆದ್ರೆ ನರಗಳ ಜೋಮು ತೀವ್ರ ಆಗಿದ್ದು ಶೇ. 10 ಜನಕ್ಕೆ, ಮಾಮೂಲಿಯಲ್ಲಿ ಶೇ. 2. ಡೋಸೇ ಹೆಚ್ಚು ಕೊಟ್ಟಿದ್ರು, ಚದರ ಮೀಟರಿಗೆ 260 ಮಿಲಿಗ್ರಾಂ, ಮಾಮೂಲಿಯದ್ದು 175, ದ್ರಾವಕ ಇಲ್ಲದ್ದರಿಂದ ಹೆಚ್ಚು ಕೊಡೋಕೆ ಆಯ್ತು, ಆ ಹೆಚ್ಚಿನ ಔಷಧಿಯ ಬೆಲೆ ನರ ಕಟ್ತು. ಮತ್ತೆ ಆ ಟ್ರಯಲ್ ಮೂರು ವಾರಕ್ಕೊಮ್ಮೆ ಕೊಡೋದನ್ನ ಹೋಲಿಸಿದ್ದು, ಈಗ ಬಹಳ ಕಡೆ ಮಾಮೂಲಿ ಪ್ಯಾಕ್ಲಿಟಾಕ್ಸೆಲ್‌ನ ವಾರಕ್ಕೊಮ್ಮೆ ಸಣ್ಣ ಡೋಸಲ್ಲಿ ಕೊಡ್ತಾರೆ, ಅದರ ಎದುರು ನಿಲ್ಲಿಸಿದಾಗ ಚಿತ್ರ ಬದಲಾಗತ್ತೆ. 799 ಜನರ ಒಂದು ಅಮೆರಿಕನ್ ಟ್ರಯಲ್ಲಲ್ಲಿ ವಾರದ ಮಾಮೂಲಿ ಪ್ಯಾಕ್ಲಿಟಾಕ್ಸೆಲ್ 11 ತಿಂಗಳು ರೋಗ ತಡೀತು, ಅಬ್ರಾಕ್ಸೇನ್ 9.3 ತಿಂಗಳು, ಅಡ್ಡಪರಿಣಾಮವೂ ಅದರಲ್ಲೇ ಹೆಚ್ಚು. ಆದ್ರೆ ಜರ್ಮನಿಯ 1206 ಜನರ ಟ್ರಯಲ್ಲಲ್ಲಿ, ಆಪರೇಷನ್‌ಗೆ ಮುಂಚೆ ಕೊಟ್ಟಾಗ, ಗೆಡ್ಡೆ ಪೂರ್ತಿ ಮಾಯ ಆಗಿದ್ದು ಅಬ್ರಾಕ್ಸೇನ್ ಕಡೆ ಶೇ. 38, ಮಾಮೂಲಿ ಕಡೆ ಶೇ. 29. ಅಲ್ಲೂ ನರದ ತೊಂದರೆ ನೋಡಿ ಮಧ್ಯದಲ್ಲೇ ಡೋಸ್ 150ರಿಂದ 125ಕ್ಕೆ ಇಳಿಸಿದ್ರು. ಯಾರಾದ್ರೂ ಒಂದೇ ಟ್ರಯಲ್ ತೋರಿಸಿ ಇದೇ ಬೆಸ್ಟ್ ಅಂದ್ರೆ ಇನ್ನೊಂದನ್ನೂ ಕೇಳಿ.

ಬಟ್ಟೆ ಹೊಲಿಯೋ ಕೆಲ್ಸ ಮಾಡ್ತಿದ್ದ ಒಬ್ಬರು ನಮ್ಮಲ್ಲಿಗೆ ಬರ್ತಿದ್ರು. ಕಾಯೋ ಬೆಂಚಲ್ಲಿ ಕೂತು ಪರ್ಸಿಂದ ಸೂಜಿ ದಾರ ತೆಗೆದು ಪೋಣಿಸಿ ನೋಡ್ತಿದ್ರು, ಪ್ರತೀ ಸೈಕಲ್‌ಗೂ. ಒಂದಿನ ಸೂಜಿ ಕೈಯಲ್ಲೇ ಇದ್ರೂ ಬಿತ್ತು ಅಂತ ನೆಲ ಹುಡುಕಿದ್ರು, ಬೆರಳಿಗೆ ಗೊತ್ತೇ ಆಗಿರ್ಲಿಲ್ಲ. ಅದನ್ನ ನರ್ಸ್ ನೋಡಿ ಡಾಕ್ಟರಿಗೆ ಹೇಳಿ ಆ ದಿನವೇ ಡೋಸ್ ನಿಲ್ಲಿಸಿ, ಆಮೇಲೆ ಕಮ್ಮಿ ಮಾಡಿದ್ರು. ಬೆರಳಿಂದ ಬದುಕೋರು, ಟೈಪ್ ಮಾಡೋರು, ವಾದ್ಯ ನುಡಿಸೋರು, ಶುಗರ್‌ನಿಂದ ಮೊದಲೇ ಪಾದ ಜೋಮು ಹಿಡಿದಿರೋರು, ಈ ವಿಷಯನ ಔಷಧಿ ಆರಿಸೋಕೆ ಮುಂಚೆಯೇ ಬಾಯಿ ಬಿಟ್ಟು ಹೇಳ್ಬೇಕು, ಕೇಸ್ ಶೀಟಲ್ಲಿ "ನೀವು ಬೆರಳಲ್ಲಿ ಏನು ಕೆಲ್ಸ ಮಾಡ್ತೀರಿ" ಅನ್ನೋ ಕಾಲಂ ಇರಲ್ಲ.

ಅಬ್ರಾಕ್ಸೇನ್ ನಿಜವಾಗಿ ಬೇಕಾಗೋದು ಯಾರಿಗೆ ಅಂದ್ರೆ, ಮಾಮೂಲಿದಕ್ಕೆ ಜೋರು ರಿಯಾಕ್ಷನ್ ಆದೋರಿಗೆ, ಸ್ಟೀರಾಯ್ಡ್ ತಗೊಂಡ್ರೆ ಶುಗರ್ ಹತೋಟಿ ತಪ್ಪೋರಿಗೆ, ಮತ್ತೆ ಮೇದೋಜೀರಕದ ಕ್ಯಾನ್ಸರ್ ಇರೋರಿಗೆ. ಅದರಲ್ಲಿರೋ ಅಲ್ಬುಮಿನ್ ಮನುಷ್ಯರ ರಕ್ತದಿಂದ ಬಂದದ್ದು, ನಂಬಿಕೆಯ ಕಾರಣಕ್ಕೆ ಅದು ಬೇಡ ಅನ್ನೋರು ಮೊದಲೇ ಹೇಳ್ಬೇಕು. ಅಲ್ಬುಮಿನ್ನೂ ಇಲ್ಲದ, ಕ್ರೆಮೋಫೋರೂ ಇಲ್ಲದ ಪಾಲಿಮರ್ ಕಣದ ರೂಪವೂ ಇದೆ, ಜೆನೆಕ್ಸಾಲ್ ಪಿಎಂ ಅಂತ, 2007ರಿಂದ ದಕ್ಷಿಣ ಕೊರಿಯಾದಲ್ಲಿ ಬಳಕೆಯಲ್ಲಿದೆ.

ಮೇದೋಜೀರಕದ ಕ್ಯಾನ್ಸರ್: ನ್ಯಾನೋ ಎದುರು ನ್ಯಾನೋ

ಇಲ್ಲಿ ಆಯ್ಕೆ ಸ್ವಲ್ಪ ಬೇರೆ ಥರ, ಎರಡೂ ಕಡೆ ನ್ಯಾನೋನೇ ಇರತ್ತೆ. ಜೆಮ್ಸಿಟಬಿನ್ ಅನ್ನೋ ಮಾಮೂಲಿ ಕೀಮೋ ಔಷಧಿ ಒಂದನ್ನೇ ಕೊಟ್ಟಾಗ 6.7 ತಿಂಗಳಿದ್ದ ಬದುಕು ಅದರ ಜೊತೆ ಅಬ್ರಾಕ್ಸೇನ್ ಸೇರಿಸಿದಾಗ 8.5 ತಿಂಗಳಾಯ್ತು, 2013ರ ಫಲಿತಾಂಶ, 861 ಜನ. ಆಮೇಲೆ ಲಿಪೋಸೋಮಲ್ ಇರಿನೋಟೆಕಾನ್ ಬಂತು, ಒನಿವೈಡ್ ಅಂತ, 2015ರಲ್ಲಿ. ಅದನ್ನ ಇನ್ನು ಮೂರು ಔಷಧಿ ಜೊತೆ ಸೇರಿಸಿದ ನಾಲಿರಿಫಾಕ್ಸ್ ಅನ್ನೋ ಕಾಂಬಿನೇಷನ್‌ನ ಜೆಮ್ಸಿಟಬಿನ್ ಅಬ್ರಾಕ್ಸೇನ್ ಜೋಡಿ ಎದುರು 770 ಜನರಲ್ಲಿ ಹೋಲಿಸಿದ್ರು, 11.1 ತಿಂಗಳು ಮತ್ತು 9.2 ತಿಂಗಳು. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮೊದಲ ಚಿಕಿತ್ಸೆಯಾಗಿ ಒಪ್ಪಿಗೆ ಆಯ್ತು.

ಎರಡು ತಿಂಗಳು ಹೆಚ್ಚು, ಸರಿ, ಆದ್ರೆ ದಿನ ಹೇಗೆ ಕಳೆಯತ್ತೆ ಅನ್ನೋದೂ ನೋಡಿ. ತೀವ್ರ ಭೇದಿ ನಾಲಿರಿಫಾಕ್ಸಲ್ಲಿ ಶೇ. 20, ಇನ್ನೊಂದರಲ್ಲಿ ಶೇ. 5ರ ಒಳಗೆ. ಬಿಳಿ ರಕ್ತಕಣ ಕುಸಿಯೋದು ಮಾತ್ರ ಉಲ್ಟಾ, ಶೇ. 14 ಮತ್ತು ಶೇ. 25ರ ಹತ್ರ. ನಾಲಿರಿಫಾಕ್ಸ್‌ನಲ್ಲಿ 46 ಗಂಟೆ ಪಂಪ್ ಮೈಗೆ ಕಟ್ಕೊಂಡಿರಬೇಕು, ಹದಿನಾಲ್ಕು ದಿನಕ್ಕೊಮ್ಮೆ. ಜೆಮ್ಸಿಟಬಿನ್ ಜೋಡಿಯಲ್ಲಿ ಪಂಪ್ ಇಲ್ಲ, ಆದ್ರೆ ನಾಲ್ಕು ವಾರದಲ್ಲಿ ಮೂರು ಸಲ ಆಸ್ಪತ್ರೆಗೆ ಬರಬೇಕು. ಓಡಾಡ್ಕೊಂಡು ಗಟ್ಟಿಯಾಗಿರೋರು ಮೊದಲನೇದನ್ನ ತಡ್ಕೋಬಹುದು, ಈಗಾಗಲೇ ತೂಕ ಇಳಿದು ಸೊರಗಿರೋರಿಗೆ ಆ ಭೇದಿ ತಡ್ಕೊಳ್ಳೋಕೆ ಆಗಲ್ಲ, ನಂಗಂತೂ ಅವರ ಬಗ್ಗೆ ಭಯ ಆಗತ್ತೆ.

ಮಾಮೂಲಿ ಇರಿನೋಟೆಕಾನ್ ಇರೋ ಫಾಲ್ಫಿರಿನಾಕ್ಸ್ ಅನ್ನೋ ಹಳೇ ಕಾಂಬಿನೇಷನ್ ಕೂಡ ಇದೆ, 2011ರ ಫ್ರಾನ್ಸಿನ ಟ್ರಯಲ್ಲಲ್ಲಿ ಅದರಲ್ಲೂ ಬಂದದ್ದು 11.1 ತಿಂಗಳು. ಬೇರೆ ಬೇರೆ ಟ್ರಯಲ್, ಬೇರೆ ರೋಗಿಗಳು, ನೇರ ಹೋಲಿಸೋ ಹಾಗಿಲ್ಲ ಅನ್ನೋದು ನಿಜ. ಆದ್ರೂ ಲಿಪೋಸೋಮ್ ರೂಪಕ್ಕೆ ದುಡ್ಡು ಹೊಂದಿಸೋಕೆ ಆಗ್ತಿಲ್ಲ ಅನ್ನೋ ಮನೆಯವರು "ಫಾಲ್ಫಿರಿನಾಕ್ಸ್ ನಮ್ಮೋರಿಗೆ ಯಾಕೆ ಬೇಡ" ಅಂತ ಧೈರ್ಯವಾಗಿ ಕೇಳಬಹುದು, ತುಂಬಾ ನ್ಯಾಯವಾದ ಪ್ರಶ್ನೆ ಅದು.

ರಕ್ತದ ಕ್ಯಾನ್ಸರಲ್ಲಿ ಒಂದು ಗಟ್ಟಿ ಗೆಲುವು

ನ್ಯಾನೋ ರೂಪದಿಂದ ಆಯಸ್ಸೇ ಹೆಚ್ಚಾಯ್ತು ಅಂತ ಸಂದೇಹ ಇಲ್ಲದೆ ಹೇಳಬಹುದಾದದ್ದು ವಿಕ್ಸಿಯೋಸ್, 2017. ಸೈಟರಾಬಿನ್ ಮತ್ತು ಡಾನೋರುಬಿಸಿನ್ ಅನ್ನೋ ಎರಡು ಹಳೇ ಕೀಮೋ ಔಷಧಿಗಳನ್ನ 5ಕ್ಕೆ 1ರ ಅನುಪಾತದಲ್ಲಿ ಒಂದೇ ಗುಳ್ಳೆಯಲ್ಲಿ ಕೂರಿಸಿದಾರೆ. ಬೇರೆ ಬೇರೆ ಕೊಟ್ರೆ ದೇಹ ಒಂದನ್ನ ಬೇಗ ಇನ್ನೊಂದನ್ನ ನಿಧಾನ ಹೊರಗೆ ಹಾಕಿ ಅನುಪಾತ ಕೆಡತ್ತೆ, ಗುಳ್ಳೆಯಲ್ಲಿ ಎರಡೂ ಜೊತೆಗೇ ಹೋಗತ್ತೆ. 60ರಿಂದ 75 ವರ್ಷದ, ಗುಣ ಮಾಡೋದು ಕಷ್ಟ ಅನ್ನೋ ಜಾತಿಯ ಎಎಂಎಲ್ (ವೇಗವಾಗಿ ಬೆಳೆಯೋ ಒಂದು ರಕ್ತದ ಕ್ಯಾನ್ಸರ್) ಇದ್ದ 309 ಜನರಲ್ಲಿ 5.95 ತಿಂಗಳಿದ್ದದ್ದು 9.56 ಆಯ್ತು. ಏಳು ದಿನ ಬಿಡದೆ ಓಡೋ ಡ್ರಿಪ್ ಬದಲು ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ. ನೋಡೋಕೆ ನೇರಳೆ ಬಣ್ಣ. ಆದ್ರೆ ರಕ್ತಕಣಗಳು ವಾಪಸ್ ಏರೋಕೆ ಹೆಚ್ಚು ದಿನ ಬೇಕು, ಸೋಂಕು ರಕ್ತಸ್ರಾವದ ಬಗ್ಗೆ ಎಚ್ಚರ ಅಷ್ಟು ದಿನ ಇರಬೇಕು. ತಾಮ್ರ ಇರೋದ್ರಿಂದ ವಿಲ್ಸನ್ ಕಾಯಿಲೆ (ಮೈಯಲ್ಲಿ ತಾಮ್ರ ಶೇಖರ ಆಗೋ ಕಾಯಿಲೆ) ಇರೋರು ಹೇಳಲೇಬೇಕು.

ಆನ್‌ಲೈನಲ್ಲಿ ಕಾಣೋ ಉಳಿದದ್ದು

ಗೆಡ್ಡೆನ ಹುಡುಕ್ಕೊಂಡು ಹೋಗಿ ಅಂಟಿಕೊಳ್ಳೋ ಟಾರ್ಗೆಟೆಡ್ ನ್ಯಾನೋ ಕಣಗಳ ವಿಡಿಯೋ ಎಲ್ಲರೂ ನೋಡಿರ್ತೀರಿ. ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲಿರೋ ಹರ್2 ಅನ್ನೋ ಪ್ರೋಟೀನ್ ಮೇಲೆ ಗುರಿ ಇಟ್ಟ ಎಂಎಂ-302 ಅನ್ನೋ ಲಿಪೋಸೋಮ್‌ನ ಟ್ರಯಲ್ 2016ರಲ್ಲಿ ಪ್ರಯೋಜನ ಕಾಣದೆ ನಿಲ್ಲಿಸಿದ್ರು. ಬಿಸಿ ತಾಗಿದಾಗ ಔಷಧಿ ಬಿಡೋ ಥರ್ಮೋಡಾಕ್ಸ್ ಲಿವರ್ ಕ್ಯಾನ್ಸರಲ್ಲಿ ದೊಡ್ಡ ಟ್ರಯಲ್ ದಾಟಲಿಲ್ಲ. ಇಂಥದ್ದನ್ನ ಸರಿಯಾದ, ನೋಂದಾಯಿತ ಟ್ರಯಲ್ ಒಳಗೆ ಕೊಟ್ರೆ ಸೇರೋ ಬಗ್ಗೆ ಯೋಚಿಸಿ, ಹೊರಗೆ ದುಡ್ಡಿಗೆ ಕೊಡ್ತೀವಿ ಅಂದ್ರೆ ಬೇಡ. ನ್ಯಾನೋ ಅಂತ ಲೇಬಲ್ ಹಚ್ಚಿದ ಸಪ್ಲಿಮೆಂಟ್ ಕ್ಯಾಪ್ಸೂಲ್‌ಗಳು ಈ ಪಟ್ಟಿಗೇ ಸೇರಲ್ಲ.

ಯಾವುದನ್ನ ಆರಿಸಿದ್ರೂ

ಲಿಪೋಸೋಮಲ್ ಡಾಕ್ಸೋರುಬಿಸಿನ್ ಆದ್ರೆ ಮೊದಲ ಡ್ರಿಪ್‌ನ ಮೊದಲ ಕೆಲವು ನಿಮಿಷ ಮೊಬೈಲ್ ಪಕ್ಕಕ್ಕಿಡಿ. ಮುಖ ಬಿಸಿ ಆಗೋದು, ಎದೆ ಬಿಗಿಯೋದು, ಸೊಂಟ ಬೆನ್ನು ಹಿಡಿಯೋದು ನೂರಕ್ಕೆ ಸುಮಾರು ಹನ್ನೊಂದು ಜನಕ್ಕೆ ಆಗತ್ತೆ, ನಿಲ್ಲಿಸಿ ನಿಧಾನ ಮಾಡಿದ್ರೆ ಹೆಚ್ಚಿನವರಲ್ಲಿ ಇಳಿಯತ್ತೆ, ತಡ್ಕೊಂಡು ಸುಮ್ಮನೆ ಕೂರಬೇಡಿ. ಆಮೇಲೆ ನಾಲ್ಕೈದು ದಿನ ಬಿಸಿ ನೀರು, ಬಿಗಿ ಚಪ್ಪಲಿ, ಕೈ ಉಜ್ಜೋ ಕೆಲ್ಸ ಬೇಡ. ಮೂತ್ರ ಕೆಂಪು ಬಂದ್ರೆ ಅದು ಔಷಧಿಯ ಬಣ್ಣ. ಅಂಗೈ ಚುರುಚುರು ಅಂದ ತಕ್ಷಣ ಹೇಳಿ, ಸಿಪ್ಪೆ ಏಳೋವರೆಗೆ ಕಾಯ್ಬೇಡಿ, ಮುಂದಿನ ಡೋಸ್ ಒಂದು ವಾರ ತಳ್ಳಿದ್ರೆ ಎಷ್ಟೋ ಸಲ ಸರಿ ಹೋಗತ್ತೆ.

ಇನ್ನೊಂದು, ಇದನ್ನ ದಯವಿಟ್ಟು ಮಾಡಿ. ಡಾಕ್ಸೋರುಬಿಸಿನ್ ಮತ್ತು ಲಿಪೋಸೋಮಲ್ ಡಾಕ್ಸೋರುಬಿಸಿನ್, ಪ್ಯಾಕ್ಲಿಟಾಕ್ಸೆಲ್ ಮತ್ತು ಅಲ್ಬುಮಿನ್ ಪ್ಯಾಕ್ಲಿಟಾಕ್ಸೆಲ್, ಹೆಸರು ಒಂದೇ ಥರ ಕೇಳ್ಸಿದ್ರೂ ಡೋಸ್ ಬೇರೆ, ಒಂದರ ಬದಲು ಇನ್ನೊಂದು ಹಾಕೋ ಹಾಗಿಲ್ಲ. ಮಾಮೂಲಿ ಡಾಕ್ಸೋರುಬಿಸಿನ್ ಸಲೈನಲ್ಲಿ ಕಲಸಬಹುದು, ಡಾಕ್ಸಿಲ್‌ನ 5 ಪರ್ಸೆಂಟ್ ಡೆಕ್ಸ್‌ಟ್ರೋಸಲ್ಲೇ ಕಲಸಬೇಕು. ನಾವು ಒಳಗೆ ಇಬ್ಬರು ಸೇರಿ ಲೇಬಲ್ ಜೋರಾಗಿ ಓದಿ ಚೆಕ್ ಮಾಡ್ತೀವಿ, ನೀವೂ ಬ್ಯಾಗ್ ತೂಗು ಹಾಕೋ ಮುಂಚೆ ಪೂರ್ತಿ ಹೆಸರು ಓದಿ ಅಂತ ನರ್ಸ್‌ಗೆ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಔಷಧಿಯ ಪೂರ್ತಿ ಹೆಸರು, ಎಷ್ಟು ಮಿಲಿಗ್ರಾಂ ಅಂತ ಪ್ರತೀ ಸೈಕಲ್ ಬರೆದಿಡಿ. ನಾಲ್ಕು ವರ್ಷ ಆದ್ಮೇಲೆ ಬೇರೆ ಊರಿನ ಬೇರೆ ಡಾಕ್ಟರ್ ಹೃದಯದ ಲೆಕ್ಕ ಹಾಕೋಕೆ ಕೂತಾಗ ಅವರಿಗೆ ಬೇಕಾಗೋದು ಆ ಅಂಕಿನೇ.